ಮಂಗಳೂರಿನಲ್ಲಿ ಎಷ್ಟು ಅಕ್ಷರ?

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮಾಡಿದ ಎಡವಟ್ಟಿನಿಂದಲೇ ಶುರು ಮಾಡ್ತೀನಿ. ರಶೀದಿ ಮುದ್ರಿಸುವ ಒಂದು ಪ್ರೋಗ್ರಾಮು. ಊರಿನ ಹೆಸರಿಗೆ 20 ಬೈಟ್ ಧಾರಾಳ ಸಾಕು ಅಂದುಕೊಂಡು ಕೋಡ್ ಬರೆದೆ. ಇಂಗ್ಲಿಷಿನಲ್ಲಿ ಎಲ್ಲ ಸರಿಯಿತ್ತು. ಕನ್ನಡದಲ್ಲಿ 'ಮಂಗಳೂರ' ಅಂತ ಬಂತು, ಪಕ್ಕದಲ್ಲೊಂದು ಖಾಲಿ ಚೌಕ! ನಮ್ಮೂರಿನ ಬಾಲವನ್ನೇ ಕತ್ತರಿಸಿದ್ದೆ ಮಾರಾಯ್ರೆ :(

ಲೆಕ್ಕ ಹೀಗೆ. ಕಣ್ಣಿಗೆ ಮಂ, ಗ, ಳೂ, ರು ಅಂತ ನಾಲ್ಕೇ ಅಕ್ಷರ. ಯೂನಿಕೋಡಿನಲ್ಲಿ ಸೊನ್ನೆ, ಕೊಂಬುಗಳು ಬೇರೆಯಾದ್ದರಿಂದ ಏಳು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 21. ಒಂದೇ ಒಂದು ಬೈಟಿಗೆ ಕೊನೆಯ ಕೊಂಬು ಹೋಯ್ತು.

ಈ ಎಣಿಕೆಯ ತಾಪತ್ರಯ ಹಳೆಯದು. 1957ರ ಫೋರ್ಟ್ರಾನಿನಲ್ಲಿ ಸ್ಟ್ರಿಂಗ್ ಲಿಟರಲ್‌ಗೆ ಉದ್ಧರಣ ಚಿಹ್ನೆ ಇರಲಿಲ್ಲ. ಮೊದಲು ಅಕ್ಷರಗಳ ಸಂಖ್ಯೆ, ಆಮೇಲೆ 'ಎಚ್', ಆಮೇಲೆ ಪಠ್ಯ. ಎಚ್ ಅಂದರೆ ಪಂಚ್ ಕಾರ್ಡಿನ ಹರ್ಮನ್ ಹಾಲರಿತ್. ಒಂದು ಹೆಚ್ಚಾಗಿ ಎಣಿಸಿದರೆ ಮುಂದಿನ ಆವರಣ ಚಿಹ್ನೆಯೂ ಪಠ್ಯದೊಳಗೇ ಸೇರಿಕೊಳ್ಳುತ್ತಿತ್ತು! ಉದ್ಧರಣ ಚಿಹ್ನೆ ಬಂದ ಮೇಲೆ ಎಣಿಸುವ ಕೆಲಸ ಕಂಪೈಲರಿಗೆ ಹೋಯಿತು. 1970ರ ದಶಕದ ಸಿ ಭಾಷೆ ಪಠ್ಯದ ಕೊನೆಗೆ ಸೊನ್ನೆಯ ಬೈಟೊಂದನ್ನು ಇಟ್ಟು ಎಣಿಕೆಯನ್ನೇ ಬಿಟ್ಟಿತು. ಒಂದು ಅಕ್ಷರಕ್ಕೆ ಒಂದು ಗೂಡು ಅನ್ನುವ ನಂಬಿಕೆ ಮಾತ್ರ ಹಾಗೇ ಉಳಿಯಿತು.

ಕನ್ನಡವನ್ನು ಆ ಗೂಡಿಗೆ ತುರುಕಿದ್ದು ಹಳೆಯ ಫಾಂಟ್‌ಗಳು. ತಲೆಕಟ್ಟು, ಕೊಂಬು, ಒತ್ತು ಅಂತ ಆಕಾರವನ್ನು ತುಂಡುಮಾಡಿ ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿದವು. ತೆರೆಯ ಮೇಲೆ ಚೆಂದ. ಅದೇ ಲಿಟರಲ್ಲನ್ನು ಕೋಡ್ ಎಡಿಟರಿನಲ್ಲಿ ತೆರೆದರೆ ಯಾವ ಭಾಷೆಯೂ ಅಲ್ಲದ ಗೀಚು. ಹುಡುಕುವುದಕ್ಕೂ ಆಗದು, ಅಕಾರಾದಿಯಾಗಿ ಜೋಡಿಸುವುದಕ್ಕೂ ಆಗದು.

ಇಲ್ಲಿ ನಮ್ಮವರೊಬ್ಬರನ್ನು ನೆನೆಯಲೇಬೇಕು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಕೆ.ಪಿ. ರಾಯರು. ಅವರ ಕೀಲಿಮಣೆಯಲ್ಲಿ ನೀವು ಆಕಾರದ ತುಂಡು ಒತ್ತುವುದಿಲ್ಲ, ವ್ಯಂಜನ-ಸ್ವರ ಒತ್ತುತ್ತೀರಿ. ಕೂಡಿಸುವುದು ಯಂತ್ರದ ಕೆಲಸ. 1991ರ ಯೂನಿಕೋಡ್ ಕನ್ನಡವನ್ನು ಇಟ್ಟುಕೊಂಡದ್ದೂ ಹೆಚ್ಚುಕಡಿಮೆ ಹೀಗೇ, ಉಚ್ಚಾರದ ಕ್ರಮದಲ್ಲಿ.

ಆದರೂ ಲಿಟರಲ್ ಬರೆಯುವವರಿಗೆ ಸುಖ ತಡವಾಗಿ ಬಂತು. 1996ರ ಜಾವಾಕ್ಕೆ ಯೂನಿಕೋಡ್ ಗೊತ್ತಿತ್ತು, ಆದರೆ ಕಂಪೈಲರು ಫೈಲನ್ನು ಆಯಾ ಕಂಪ್ಯೂಟರಿನ ಎನ್‌ಕೋಡಿಂಗಿನಲ್ಲಿ ಓದುತ್ತಿತ್ತು. ಹಾಗಾಗಿ ಕನ್ನಡವನ್ನು ಸಂಕೇತಸಂಖ್ಯೆಯಲ್ಲಿ ಬರೆಯುವುದೇ ಕ್ಷೇಮ: ಒಂದೊಂದಕ್ಕೆ ಆರು ಕೀಲಿ, ಮಂಗಳೂರಿಗೆ 42! 2008ರ ಪೈಥಾನ್ 3ರಲ್ಲಿ ನೇರವಾಗಿ ಕನ್ನಡವನ್ನೇ ಬರೆಯಬಹುದಾಯಿತು. ಉದ್ದ ಕೇಳಿದರೆ ಮಾತ್ರ ಏಳು ಅನ್ನುತ್ತದೆ.

ನಮ್ಮ ಹಾಗೆ ನಾಲ್ಕು ಅಂತ ಎಣಿಸಿದ್ದು 2014ರಲ್ಲಿ ಬಂದ ಸ್ವಿಫ್ಟ್. ಖುಷಿಯಾಗಿ 'ಪುತ್ತೂರು' ಅಂತ ಕೊಟ್ಟಿದ್ದರೆ ಅದಕ್ಕೂ ನಾಲ್ಕೇ ಅಂದಿರುತ್ತಿತ್ತು: ಪು, ತ್, ತೂ, ರು. ಪುತ್ತೂರಿನವರು ಒಪ್ಪುತ್ತಾರಾ, ನೀವೇ ಕೇಳಿ :)