ಹೆಬ್ಬಟ್ಟೆಯಿಂದ ಹೆದ್ದಾರಿಗೆ

'ಬಟ್ಟೆ' ಎಂದರೇನೆಂದು ಪ್ರೌಢಶಾಲೆಯ ಮಕ್ಕಳನ್ನು ಕೇಳಿ ನೋಡಿ. ತಮ್ಮ ಅಂಗಿಯನ್ನು ಮುಟ್ಟಿ ತೋರಿಸದವರು ವಿರಳ. ಹಳಗನ್ನಡದಲ್ಲಿ ಆ ಮಾತಿಗೆ ದಾರಿಯೆಂಬ ಅರ್ಥವೂ ಉಂಟೆಂದರೆ ತರಗತಿಯಲ್ಲಿ ನಗೆ ಏಳುತ್ತದೆ. ಶಾಸನಗಳನ್ನು ಓದಿದವರು ಮಾತ್ರ ನಗಲಾರರು. ದಾನವಾಗಿ ಬಿಟ್ಟ ಭೂಮಿಯ ಎಲ್ಲೆಯನ್ನು ಗೊತ್ತುಪಡಿಸುವಾಗ ಹಳ್ಳ, ಹುತ್ತ, ಮರ, ನಟ್ಟ ಕಲ್ಲುಗಳೊಡನೆ 'ಹೆಬ್ಬಟ್ಟೆ'ಯೂ ಅಲ್ಲಲ್ಲಿ ಕಾಣಿಸಿಕೊಳ್ಳುತ್ತದೆ. ಹಿರಿದಾದ ಬಟ್ಟೆಯೇ ಹೆಬ್ಬಟ್ಟೆ. ಊರಿಂದೂರಿಗೆ ಎತ್ತಿನ ಹೇರು ಸಾಗುತ್ತಿದ್ದ ದೊಡ್ಡ ದಾರಿ ಅದು.

ಈಗ ನಾವು ದಿನವೂ ಆಡುವ 'ಹೆದ್ದಾರಿ' ಇದರ ಒಡಹುಟ್ಟು. ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆ ಬಂದದ್ದು 1956ರಲ್ಲಿ. ಹಿಂದಿಯವರು ಅದನ್ನು 'ರಾಜಮಾರ್ಗ' ಎಂದರು. ನಮಗೂ ಆ ಪದ ಹೊಸದಲ್ಲ. ಆದರೆ ಕವಿರಾಜಮಾರ್ಗದ ಮಾರ್ಗ ಕವಿಗಳದು, ಅಲ್ಲಿ ಲಾರಿ ಓಡದು! ಕನ್ನಡದಲ್ಲಿ ನೆಲೆ ನಿಂತದ್ದು ಹೆದ್ದಾರಿಯೇ. ಕಾರಣ ಸ್ಪಷ್ಟವಾಗಿದೆ. ಹಿರಿದು ಎಂಬುದು 'ಹೆ' ಎಂದು ಕುಗ್ಗಿ ಮುಂದಿನ ವ್ಯಂಜನ ಇಮ್ಮಡಿಸುವ ಕ್ರಮ ನಮ್ಮ ನಾಲಿಗೆಗೆ ಹುಟ್ಟಿನಿಂದ ಬಂದದ್ದು: ಹೆಬ್ಬಾಗಿಲು, ಹೆಮ್ಮರ, ಹೆಜ್ಜೇನು. ಕೃಷ್ಣಾನದಿಯನ್ನು ನಮ್ಮ ಹಿರಿಯರು ಹೆದ್ದೊರೆ ಎಂದು ಕರೆದರು. ವ್ಯಾಕರಣ ಓದದ ಗಾಡಿಯವನಿಗೂ ಈ ಕಟ್ಟು ತಾನಾಗಿ ತಿಳಿಯುತ್ತದೆ. ಅದೇ ಅಚ್ಚಿನಲ್ಲಿ ಎರಕವಾದ ಇನ್ನೊಂದು ಮಾತು ಶಾಸನಗಳ 'ಹೆಜ್ಜುಂಕ', ಎಂದರೆ ಹಿರಿಯ ಸುಂಕ. ದಾರಿಯೂ ಸುಂಕವೂ ಅಂದಿನಿಂದಲೂ ಜೊತೆಯಾಗಿಯೇ ನಡೆದು ಬಂದಿವೆ. 2021ರ ಫೆಬ್ರುವರಿಯಿಂದ ರಾಷ್ಟ್ರೀಯ ಹೆದ್ದಾರಿಯ ಸುಂಕಕ್ಕೆ ವಾಹನದ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್ ಚೀಟಿ ಕಡ್ಡಾಯವಾಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಅವಕಾಶವೂ ಇದರಿಂದ ತಪ್ಪಿತು.

ಹಾಗೆಂದು ಎಲ್ಲವೂ ಅಚ್ಚಗನ್ನಡವೆ? 'ರಸ್ತೆ' ಪಾರಸಿಯ ಮಾತು. 'ಬಂದರು' ಪಾರಸಿ, 'ಲಂಗರು' ಪಾರಸಿ. ಇವನ್ನು ಹೊರಗಟ್ಟಬೇಕೆನ್ನುವ ಕೆಲವು ಮಿತ್ರರನ್ನು ನಾನು ಬಲ್ಲೆ. ಅವರ ಪಕ್ಷ ನನಗೆ ಸಮ್ಮತವಲ್ಲ. ಈ ಪದಗಳು ಅರಬೀ ಸಮುದ್ರದ ವ್ಯಾಪಾರದ ಗುರುತುಗಳು. ವಿಜಯನಗರಕ್ಕೆ ಬೇಕಾದ ಕುದುರೆಗಳು ಭಟ್ಕಳದ ಕಡಲತೀರದಲ್ಲಿ ಇಳಿಯುತ್ತಿದ್ದ ಕಾಲವನ್ನು ನೆನೆಯಿರಿ. ಹೆರಾತಿನ ಷಾರುಖನ ರಾಯಭಾರಿ ಅಬ್ದುರ್ ರಜಾಕನು ಕಲ್ಲಿಕೋಟೆಯಿಂದ ಸಮುದ್ರಮಾರ್ಗವಾಗಿ ಮಂಗಳೂರಿಗೆ ಬಂದು, ಅಲ್ಲಿಂದ ಘಟ್ಟವೇರಿ 1443ರಲ್ಲಿ ವಿಜಯನಗರವನ್ನು ಮುಟ್ಟಿದನು. ಬಂದರೆಂಬುದು ಆತನ ಮನೆಮಾತು; ಘಟ್ಟ ನಮ್ಮದು. ಈ ಘಟ್ಟವಾದರೂ ಸಂಸ್ಕೃತದಿಂದ ಬಂದು ನಮ್ಮಲ್ಲಿ ವೇಷ ಬದಲಿಸಿದ ಪದ. ಕಾಶಿಯವರಿಗೆ ಘಾಟೆಂದರೆ ನದಿಗೆ ಇಳಿಯುವ ಮೆಟ್ಟಿಲು, ನಮಗೆ ಏರಬೇಕಾದ ಬೆಟ್ಟದ ಸಾಲು.

ಕರಾವಳಿಯ ಮಾತುಗಳ ಸಂಪತ್ತು ನಿಜವಾಗಿ ತಿಳಿಯಬೇಕಾದರೆ ನಿಘಂಟನ್ನು ಮುಚ್ಚಿಟ್ಟು ಮಂಗಳೂರಿನ ಧಕ್ಕೆಗೆ ಹೋಗಬೇಕು. ಹಡಗು ದೋಣಿಗಳು ತಗಲಿ ನಿಲ್ಲುವ ಕಟ್ಟೆಯೇ ಧಕ್ಕೆ. ಮರಾಠಿಯಲ್ಲಿಯೂ ಇದು ಉಂಟು. ಘಟ್ಟದ ಮೇಲಿನವರಿಗೆ ಧಕ್ಕೆಯೆಂದರೆ ಕೇಡು. ಅವರು 'ಧಕ್ಕೆಗೆ ಮೀನು ಬಂತು' ಎಂದು ಕೇಳಿದರೆ ತಬ್ಬಿಬ್ಬಾಗುವರು. ನದಿ ಕಡಲನ್ನು ಸೇರುವ ಬಾಯಿಗೆ ಅಲ್ಲಿಯವರು 'ಅಳಿವೆ' ಎನ್ನುತ್ತಾರೆ, 'ಅಳಿವೆಬಾಗಿಲು' ಎಂದೂ ಹೇಳುವುದುಂಟು. ಎಂಥ ಚೆಲುವಾದ ಪದ! ನೇತ್ರಾವತಿಯೂ ಗುರುಪುರದ ಹೊಳೆಯೂ ಕೂಡಿ ಸಮುದ್ರಕ್ಕೆ ಇಳಿಯುವ ಆ ಬಾಗಿಲಲ್ಲಿ ಮರಳು ದಿಬ್ಬಗಟ್ಟುತ್ತದೆ. ಹೊಳೆ ತಂದ ಮಣ್ಣನ್ನು ಕಡಲ ತೆರೆ ಹಿಂದಕ್ಕೆ ನೂಕುವುದರಿಂದ ಹೀಗಾಗುವುದು. ಅದರಿಂದಲೇ ದೊಡ್ಡ ಹಡಗುಗಳು ಹಳೆಯ ಬಂದರಿಗೆ ಬಾರದೆ ದೂರದ ಕಡಲಿನಲ್ಲೇ ಲಂಗರು ಹಾಕುತ್ತಿದ್ದವು. ಸರಕು ದೋಣಿಗಳಲ್ಲಿ ದಡಕ್ಕೆ ಬರಬೇಕಾಗುತ್ತಿತ್ತು. ಈ ತೊಡಕನ್ನು ತಪ್ಪಿಸಲು ಪಣಂಬೂರಿನಲ್ಲಿ ನೆಲವನ್ನೇ ಅಗೆದು ಒಳಗೆ ನೀರು ನಿಲ್ಲುವಂತೆ ಮಾಡಿ, ಬಾಯಿಯ ಎರಡು ಕಡೆಗೂ ಅಲೆತಡೆಗೋಡೆಗಳನ್ನು ಕಟ್ಟಿ ನವಮಂಗಳೂರು ಬಂದರನ್ನು ನಿರ್ಮಿಸಿದರು. 1974ರಲ್ಲಿ ಅದು ದೇಶದ ಪ್ರಧಾನ ಬಂದರುಗಳ ಸಾಲಿಗೆ ಸೇರಿತು. 1975ರ ಜನವರಿಯಲ್ಲಿ ಉದ್ಘಾಟನೆಯಾಯಿತು.

ಬಂದರು ಎಂಥದಾದರೂ ತಳದ ಮಣ್ಣನ್ನು ಮತ್ತೆ ಮತ್ತೆ ತೆಗೆಯಲೇಬೇಕು. ಈ ಕೆಲಸಕ್ಕೆ ಕನ್ನಡ ಏನೆನ್ನುತ್ತದೆ? 'ಹೂಳೆತ್ತುವುದು.' ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹೂಳು ಕಡಲಿನ ಮಾತಲ್ಲ. ಅದು ಬಯಲುಸೀಮೆಯ ಕೆರೆಯ ಮಾತು. ಹೂಳುವುದೆಂದರೆ ಹುಗಿಯುವುದು, ನೀರಿನ ಜಾಗವನ್ನು ಹುಗಿದುಬಿಡುವ ಮಣ್ಣೇ ಹೂಳು. ಕೆರೆಯ ಮಣ್ಣು ತೆಗೆಯುವ ಬಂಡಿಗೆಂದು ದತ್ತಿ ಬಿಟ್ಟ ಶಾಸನಗಳೂ ನಮ್ಮಲ್ಲಿವೆ. ಆ ಒಕ್ಕಲಿಗನ ಪದ ಯಾವ ಸಮಿತಿಯ ಅಪ್ಪಣೆಗೂ ಕಾಯದೆ ಘಟ್ಟವಿಳಿದು ಬಂದರಿನ ಯಂತ್ರದ ಮೇಲೆ ಕುಳಿತಿದೆ. ಪರಿಭಾಷೆ ಕಟ್ಟುವವರು ಹೊಸ ಸಂಸ್ಕೃತ ಸಮಾಸವನ್ನು ಬೆಸೆಯುವ ಮುನ್ನ, ಇಂಥದೇ ಕೆಲಸವನ್ನು ಬೇರೆಡೆ ಮಾಡುವವರು ಏನೆನ್ನುತ್ತಾರೆಂದು ಕೇಳಿಬಿಟ್ಟರೆ ಎಷ್ಟೋ ಶ್ರಮ ಉಳಿದೀತು.

ಕೇಳದಿದ್ದರೆ ನಷ್ಟವೇನು ಎನ್ನುವಿರೊ? 'ಸಂಕ'ವನ್ನು ನೋಡಿ. ಮಲೆನಾಡು ಕರಾವಳಿಗಳಲ್ಲಿ ಹಳ್ಳಕ್ಕೆ ಅಡ್ಡಲಾಗಿ ಅಡಕೆಮರವನ್ನೊ ಕಾಡುಮರವನ್ನೊ ಹಾಕಿ, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದರೆ ಅದು ಕಾಲುಸಂಕ. ಸಂಸ್ಕೃತದ 'ಸಂಕ್ರಮ'ವೇ ಹೀಗೆ ಸವೆದು ನಮ್ಮದಾಗಿದೆ. ಮಳೆಗಾಲದಲ್ಲಿ ಇದನ್ನು ದಾಟುವಾಗ ಶಾಲೆಯ ಮಕ್ಕಳು ಕಾಲು ಜಾರಿ ಹೊಳೆಯ ಪಾಲಾದದ್ದುಂಟು. ಇಂಥ ಕಡೆ ಗಟ್ಟಿಯಾದ ಕಾಲುದಾರಿ ಕಟ್ಟಿಸಲೆಂದು ಸರ್ಕಾರ 'ಶಾಲಾ ಸಂಪರ್ಕ ಸೇತು' ಎಂಬ ಯೋಜನೆಯನ್ನೂ ಮಾಡಿತು. ಉದ್ದೇಶ ಒಳ್ಳೆಯದು, ಹೆಸರೂ ಇಂಪಾಗಿದೆ. ಆದರೆ ಹಳ್ಳದ ಆಚೆಯ ಮನೆಯ ಅಜ್ಜಿ ಪತ್ರಿಕೆಯಲ್ಲಿ ಆ ಹೆಸರನ್ನು ಓದಿಸಿ ಕೇಳಿದರೆ ಅದು ತನ್ನ ಮೊಮ್ಮಗಳು ದಿನವೂ ದಾಟುವ ಸಂಕದ ಮಾತೆಂದು ಅವಳಿಗೆ ಹೊಳೆಯುವುದೆ? ಅರ್ಜಿ ಬರೆದುಕೊಡಿರೆಂದು ಊರವರು ಮೇಷ್ಟರ ಬಳಿಗೆ ಬಂದರೆ, ಮೇಲಿನ ಸಾಲಿನಲ್ಲಿ ಯೋಜನೆಯ ಹೆಸರನ್ನು ಬರೆದು ಅದರ ಕೆಳಗೆ 'ನಮ್ಮೂರ ಕಾಲುಸಂಕ' ಎಂದೂ ಸೇರಿಸುವುದು ಮೇಲು. ಸ್ಥಳ ನೋಡಲು ಬರುವ ಇಂಜಿನಿಯರರು ದಾರಿ ಕೇಳಬೇಕಾದದ್ದು ಆ ಎರಡನೆಯ ಹೆಸರಿನಿಂದಲೇ.