ವಾಸರ್‌ಕುಪ್ಪೆ: ಒಂದು ಬೋಳುಬೆಟ್ಟದ ಚರಿತ್ರೆ

ಜರ್ಮನಿಯ ಹೆಸೆನ್ ರಾಜ್ಯದ ಪೂರ್ವದಂಚಿನಲ್ಲಿ, ಗೆರ್ಸ್‌ಫೆಲ್ಡ್ ಮತ್ತು ಪೊಪ್ಪೆನ್‌ಹೌಸೆನ್ ಎಂಬ ಎರಡು ಸಣ್ಣ ಊರುಗಳ ನಡುವೆ ಇರುವ ವಾಸರ್‌ಕುಪ್ಪೆಯು 950 ಮೀಟರ್ ಎತ್ತರವಿದ್ದು, ಆ ರಾಜ್ಯಕ್ಕೂ ಅದು ಸೇರಿರುವ ರೋನ್ ಬೆಟ್ಟಸಾಲಿಗೂ ಎಲ್ಲಕ್ಕಿಂತ ಎತ್ತರದ ಶಿಖರವಾಗಿದೆ. ಶಿಖರವೆಂದೊಡನೆ ನೆನಪಾಗುವ ಮೊನಚು ಇದಕ್ಕಿಲ್ಲ. ನೆತ್ತಿ ಅಗಲವಾಗಿ, ದುಂಡಗೆ, ಹೆಚ್ಚುಪಾಲು ಹುಲ್ಲಿನಿಂದ ಮುಚ್ಚಿಕೊಂಡಿದೆ. ಬೆಟ್ಟದ ಒಡಲು ಬಸಾಲ್ಟ್, ಅಂದರೆ ಭೂಮಿಯೊಳಗಿಂದ ಉಕ್ಕಿದ ಲಾವಾರಸ ಬೇಗನೆ ತಣಿದು ಗಟ್ಟಿಯಾದಾಗ ಉಂಟಾಗುವ, ಕಣಗಳು ಬರಿಗಣ್ಣಿಗೆ ಕಾಣದಷ್ಟು ನುಣುಪಾದ ಕಪ್ಪು ಶಿಲೆ. ವಿಜಯಪುರದ ಗೋಲಗುಮ್ಮಟಕ್ಕೆ ಬಳಸಿದ ಕಲ್ಲೂ ಇದೇ ಜಾತಿಯದು. ಆದರೆ ದಖ್ಖನ್ ಪ್ರಸ್ಥಭೂಮಿಯ ಬಸಾಲ್ಟ್‌ಗೆ ಸುಮಾರು 6.6 ಕೋಟಿ ವರ್ಷಗಳ ಪ್ರಾಯವಾದರೆ ವಾಸರ್‌ಕುಪ್ಪೆಯದಕ್ಕೆ ಸುಮಾರು 2 ಕೋಟಿ ವರ್ಷಗಳು ಮಾತ್ರ.

‘ವಾಸರ್’ ಎಂದರೆ ಜರ್ಮನ್ ಭಾಷೆಯಲ್ಲಿ ನೀರು. ಫುಲ್ಡಾ ನದಿ ಈ ಬೆಟ್ಟದ ಇಳಿಜಾರಿನಲ್ಲೇ, ಸುಮಾರು 850 ಮೀಟರ್ ಎತ್ತರದಲ್ಲಿ ಹುಟ್ಟಿ, ಮುಂದೆ ವೆರಾ ನದಿಯೊಡನೆ ಕೂಡಿ ವೇಸರ್ ಎಂಬ ಹೆಸರಿನಿಂದ ಉತ್ತರ ಸಮುದ್ರ ಸೇರುವುದರಿಂದ ಹೆಸರು ಒಪ್ಪುವಂತೆಯೇ ತೋರುತ್ತದೆ. ಆದರೆ ಮೂಲ ಹೆಸರಿನಲ್ಲಿದ್ದದ್ದು ನೀರಲ್ಲ, ಮೇವುಗಾವಲು ಎಂಬ ಅಭಿಪ್ರಾಯವೂ ಉಂಟು. ಬೆಟ್ಟದ ಚರಿತ್ರೆಗೆ ಎರಡನೆಯ ಅರ್ಥವೇ ಹೆಚ್ಚು ಹೊಂದುತ್ತದೆ.

ಮಧ್ಯಯುಗದ ಬರಹಗಳಲ್ಲಿ ಈ ಸೀಮೆಯ ಹೆಸರು ಬುಕೋನಿಯ, ಅಂದರೆ ಬೀಚ್ ಮರಗಳ ನಾಡು. 744ರಲ್ಲಿ ಫುಲ್ಡಾದ ಕ್ರೈಸ್ತ ಮಠ ಸ್ಥಾಪನೆಯಾದಾಗ ಸುತ್ತಲೂ ಇದ್ದದ್ದು ದಟ್ಟ ಕಾಡು. ಮುಂದಿನ ಶತಮಾನಗಳಲ್ಲಿ ಸೌದೆಗಾಗಿ, ಇದ್ದಲಿಗಾಗಿ, ಹೊಲಕ್ಕಾಗಿ ಕಾಡು ಕಡಿಯುತ್ತ ಹೋದಂತೆ, ಬೇಸಾಯಕ್ಕೆ ಒದಗದ ಚಳಿಯ ಎತ್ತರದ ನೆಲವೆಲ್ಲ ಕುರಿ ದನಗಳ ಗೋಮಾಳವಾಯಿತು. ಮೇಯುವ ಬಾಯಿಗಳು ಸಸಿ ತಲೆಯೆತ್ತಲು ಬಿಡಲಿಲ್ಲವಾದ್ದರಿಂದ ಬೆಟ್ಟ ಬೋಳಾಗಿಯೇ ಉಳಿಯಿತು. ಬಡತನದಿಂದ ಆದ ಈ ಬೋಳುತನವೇ ಮುಂದೆ ಬೆಟ್ಟಕ್ಕೆ ಹೆಸರು ತಂದಿತು.

ಇಳಿಜಾರಿಗೆ ಬಡಿದ ಗಾಳಿ ಮುಂದೆ ಸಾಗಲಾರದೆ ಮೇಲಕ್ಕೇರುತ್ತದೆ. ಆ ಏರುಗಾಳಿಯಲ್ಲಿ ಎಂಜಿನ್ ಇಲ್ಲದ ವಿಮಾನ, ಅಂದರೆ ಗ್ಲೈಡರ್, ಹದ್ದಿನಂತೆ ತೇಲಬಲ್ಲದು. ಮರಗಳ ಅಡ್ಡಿಯಿಲ್ಲದ ಇಂಥ ಇಳಿಜಾರನ್ನು ಅರಸುತ್ತ 1911ರಲ್ಲಿ ಡಾರ್ಮ್‌ಸ್ಟಾಟ್ ನಗರದ ಶಾಲಾ ಹುಡುಗರು ಇಲ್ಲಿಗೆ ಬಂದರು. ಅವರಲ್ಲೊಬ್ಬನಾದ ಹಾನ್ಸ್ ಗುಟರ್‌ಮುಟ್ 1912ರಲ್ಲಿ 838 ಮೀಟರ್ ಹಾರಿದನು. ಮೊದಲ ಮಹಾಯುದ್ಧದ ನಂತರ 1919ರ ವರ್ಸೇಲ್ಸ್ ಒಪ್ಪಂದವು ಜರ್ಮನರ ಎಂಜಿನ್ ವಿಮಾನಗಳಿಗೆ ಕಟ್ಟುಪಾಡು ಹಾಕಿದಾಗ, ‘ಫ್ಲೂಗ್‌ಸ್ಪೋರ್ಟ್’ ಪತ್ರಿಕೆಯ ಸಂಪಾದಕ ಆಸ್ಕರ್ ಉರ್ಸಿನಸ್ ನೀಡಿದ ಕರೆಯಂತೆ 1920ರಲ್ಲಿ ಇಲ್ಲಿ ಮೊದಲ ಗ್ಲೈಡರ್ ಸ್ಪರ್ಧೆ ನಡೆಯಿತು. ವಿಮಾನದ ಮೂತಿಗೆ ಸಿಕ್ಕಿಸಿದ ರಬ್ಬರ್ ಹಗ್ಗದ ಎರಡು ತುದಿಗಳನ್ನು ಹಿಡಿದು ಆಳುಗಳು ಇಳಿಜಾರಿನಲ್ಲಿ ಓಡುತ್ತಿದ್ದರು. ಹಗ್ಗ ಬಿಗಿದು, ಹಿಂದೆ ಬಾಲ ಹಿಡಿದವರು ಕೈಬಿಟ್ಟೊಡನೆ, ಕವಣೆಯ ಕಲ್ಲಿನಂತೆ ವಿಮಾನ ಚಿಮ್ಮುತ್ತಿತ್ತು. ಆ ವರ್ಷದ ಹಾರಾಟಗಳು ನಿಮಿಷಗಳ ಲೆಕ್ಕದವು. 1922ರ ಆಗಸ್ಟ್ 18ರಂದು ಆರ್ಥರ್ ಮಾರ್ಟೆನ್ಸ್ ‘ವಾಂಪಿಯರ್’ ಎಂಬ ಗ್ಲೈಡರ್‌ನಲ್ಲಿ ಒಂದು ಗಂಟೆಗೂ ಮಿಕ್ಕಿ ಆಕಾಶದಲ್ಲಿದ್ದನು; ಅದೇ ತಿಂಗಳು ಹೆಂಟ್ಸೆನ್ ಎಂಬ ಇನ್ನೊಬ್ಬ ಹಾರಾಟಗಾರ ಆ ಅವಧಿಯನ್ನು ಮೂರು ಗಂಟೆಗಳಾಚೆಗೆ ಒಯ್ದನು. ಯುದ್ಧದಲ್ಲಿ ಮಡಿದ ವಿಮಾನಯೋಧರ ನೆನಪಿಗಾಗಿ 1923ರಲ್ಲಿ ಬಸಾಲ್ಟ್ ಬಂಡೆಗಳನ್ನು ಒಟ್ಟಿ, ಅದರ ಮೇಲೆ ಕಂಚಿನ ಹದ್ದೊಂದನ್ನು ಕೂರಿಸಲಾಯಿತು. 1928ರ ಜೂನ್‌ನಲ್ಲಿ ರಾಕೆಟ್ ಬಲದಿಂದ ಹಾರಿದ ಮೊದಲ ವಿಮಾನವೂ ಇದೇ ಬೆಟ್ಟದಿಂದ ಮೇಲೆದ್ದಿತು.

ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ, ಪೂರ್ವ ಜರ್ಮನಿಯ ಗಡಿ ಅನತಿದೂರದಲ್ಲೇ ಇದ್ದುದರಿಂದ, ನೆತ್ತಿಯ ಮೇಲೆ ರೇಡಾರ್ ಠಾಣೆ ಬಂತು. ಅದರ ಗುರುತಾಗಿ ಈಗ ಒಂದೇ ಒಂದು ಬಿಳಿಯ ಗೋಳ ಉಳಿದಿದೆ. ಗ್ಲೈಡರ್ ವಸ್ತುಸಂಗ್ರಹಾಲಯ 1987ರಿಂದ ನಡೆಯುತ್ತಿದೆ. ಇಂದು ಬೆಟ್ಟಕ್ಕೆ ಬರುವವರಲ್ಲಿ ಬಹಳ ಮಂದಿ ಪ್ಯಾರಾಗ್ಲೈಡಿಂಗ್‌ನವರು. ಬೆನ್ನಚೀಲದಲ್ಲಿ ಮಡಚಿ ತಂದ ಬಟ್ಟೆಯ ರೆಕ್ಕೆಯನ್ನು ಹುಲ್ಲಿನ ಮೇಲೆ ಹರಡಿ, ಗಾಳಿ ತುಂಬಿ ಅದು ತಲೆಯ ಮೇಲೆದ್ದಾಗ ನಾಲ್ಕು ಹೆಜ್ಜೆ ಓಡಿ ನೆಲ ಬಿಡುತ್ತಾರೆ. ಮಂಜು ಕವಿದ ದಿನ ಮಾತ್ರ ಎಲ್ಲರೂ ಕಾಯುತ್ತ ಕೂರಬೇಕು, ಅಂಥ ದಿನಗಳು ಇಲ್ಲಿ ಕಡಿಮೆಯೇನಲ್ಲ.

1991ರಲ್ಲಿ ಯುನೆಸ್ಕೊ ರೋನ್ ಪ್ರದೇಶವನ್ನು ಜೀವಗೋಳ ಮೀಸಲು ಪ್ರದೇಶವೆಂದು, ಅಂದರೆ ಜನಜೀವನವನ್ನು ಹೊರಗಿಡದೆ ಪ್ರಕೃತಿಯನ್ನು ಕಾಯುವ ತಾಣವೆಂದು ಮಾನ್ಯ ಮಾಡಿತು. ಇಲ್ಲಿ ಕಾಯಬೇಕಾದದ್ದು ಕಾಡನ್ನಷ್ಟೇ ಅಲ್ಲ, ಬಯಲನ್ನೂ ಹೌದು. ಮೇಯಿಸುವುದು, ಹುಲ್ಲು ಕೊಯ್ಯುವುದು ನಿಂತರೆ ಪೊದೆಯೂ ಮರವೂ ಮರಳಿ ಬಂದು, ಹುಲ್ಲುಗಾವಲನ್ನೇ ನಂಬಿದ ಹೂಗಿಡ, ಹಕ್ಕಿಗಳು ನೆಲೆ ಕಳೆದುಕೊಳ್ಳುತ್ತವೆ. ಆದ್ದರಿಂದಲೇ ಅಳಿವಿನಂಚಿಗೆ ಬಂದಿದ್ದ, ಕಪ್ಪು ತಲೆಯ ಬಿಳಿ ಮೈಯ ರೋನ್ ಕುರಿಗಳನ್ನು ಮತ್ತೆ ಸಾಕಿ ಈ ಇಳಿಜಾರುಗಳಿಗೆ ಬಿಡಲಾಗಿದೆ. ಅವು ಮೇಯ್ದು ಬಿಟ್ಟ ಗಿಡ್ಡ ಹುಲ್ಲಿನ ನಡುವೆ, ನೆಲಕ್ಕೆ ಅಂಟಿಕೊಂಡಂತೆ ಅರಳುವ ಬೆಳ್ಳಿಬಣ್ಣದ ಮುಳ್ಳುಹೂವೊಂದಿದೆ. ರೋನ್ ಸೀಮೆಯ ಲಾಂಛನವೇ ಅದು. ಗಾಳಿಯಲ್ಲಿ ತೇವ ಹೆಚ್ಚಿದೊಡನೆ ಅದು ಎಸಳು ಮುಚ್ಚುವುದರಿಂದ ಹಳ್ಳಿಗರು ಅದನ್ನು ನೋಡಿಯೇ ಮಳೆಯ ಮಾತಾಡುತ್ತಿದ್ದರು. ಆ ಹೂವನ್ನು ಕೀಳುವುದು ಜರ್ಮನಿಯಲ್ಲಿ ನಿಷಿದ್ಧ.