ಸೇತುವೆಯ ಎರಡು ದಡಗಳು: ದಾವಣಗೆರೆ–ಹರಿಹರ ಸೀಮೆಯಲ್ಲಿ ಗುರುತರ ರೋಗಗಳ ಶುಶ್ರೂಷೆ ಮತ್ತು ಧರ್ಮಸಭೆ

ಹರಿಹರದ ಬಳಿ ತುಂಗಭದ್ರೆಗೆ ಅಡ್ಡಲಾಗಿ 1868ರಲ್ಲಿ ಪೂರ್ಣಗೊಂಡ ಹಳೆಯ ಸೇತುವೆಯು ಎರಡು ಆಡಳಿತಗಳನ್ನು ಕೂಡಿಸಿದ ಸೇತುವೆ. ಈಚೆಯ ದಡ ಮೈಸೂರು ಸಂಸ್ಥಾನದ್ದು. ಆಚೆಯ ದಡ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದು. 1956ರ ಏಕೀಕರಣದೊಡನೆ ಈ ಗಡಿ ಅಳಿಸಿಹೋಯಿತೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಸರ್ಕಾರದ ಕಡತಗಳಲ್ಲಿ ಮಾತ್ರ ಅದು ಬೇರೊಂದು ಹೆಸರಿನಿಂದ ಉಳಿದುಕೊಂಡಿತು: ಹರಿಹರ ಬೆಂಗಳೂರು ವಿಭಾಗಕ್ಕೆ ಸೇರಿತು, ಎದುರು ದಡದ ಕುಮಾರಪಟ್ಟಣ ಬೆಳಗಾವಿ ವಿಭಾಗಕ್ಕೆ. ಯಾರಿಗೂ ತೊಂದರೆ ಕೊಡದ ಈ ಗೆರೆ 2010ರಲ್ಲಿ ಇದ್ದಕ್ಕಿದ್ದಂತೆ ಜೀವನ್ಮರಣದ ಗೆರೆಯಾಯಿತು.

ಆ ವರ್ಷ ರಾಜ್ಯ ಸರ್ಕಾರವು ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಜಾರಿಗೆ ತಂದಿತು. ಬಡತನ ರೇಖೆಯ ಕೆಳಗಿನ ಕುಟುಂಬಗಳಿಗೆ ಹೃದಯ, ನರಮಂಡಲ, ಕ್ಯಾನ್ಸರ್, ಮೂತ್ರಪಿಂಡ ಮೊದಲಾದ ಗುರುತರ ರೋಗಗಳಿಗೆ ನೋಂದಾಯಿತ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಒದಗಿಸುವುದು ಅದರ ಉದ್ದೇಶ. ಮೊದಲು ಕಲಬುರಗಿ ವಿಭಾಗ, ಅದೇ ವರ್ಷ ಬೆಳಗಾವಿ ವಿಭಾಗ. ಬೆಂಗಳೂರು ಮತ್ತು ಮೈಸೂರು ವಿಭಾಗಗಳಿಗೆ ಅದು ತಲುಪಿದ್ದು 2012ರಲ್ಲಿ. ಹಿಂದುಳಿದ ಉತ್ತರಕ್ಕೆ ಮೊದಲು ಕೊಡಬೇಕೆಂಬ ವಿವೇಚನೆ ನ್ಯಾಯವಾದದ್ದೇ. ಆದರೂ ಸೇತುವೆಯ ಆಚೆಯ ಕೂಲಿಕಾರನ ಹೃದಯದ ಕವಾಟ ಕೆಟ್ಟರೆ ಸರ್ಕಾರದ ವೆಚ್ಚದಲ್ಲಿ ಶಸ್ತ್ರಚಿಕಿತ್ಸೆ, ಈಚೆಯವನಿಗೆ ಅದೇ ರೋಗವಾದರೆ ಹೊಲವನ್ನೋ ಹೆಂಡತಿಯ ಒಡವೆಯನ್ನೋ ಅಡವಿಡುವುದು ಎಂಬ ಸ್ಥಿತಿ ಎರಡು ವರ್ಷಗಳ ಮಟ್ಟಿಗೆ ನಿಜವಾಗಿತ್ತು.

ಇದು ಊಹೆಯ ಮಾತಲ್ಲ. ಯೋಜನೆಯ ಗಡಿರೇಖೆಯ ಎರಡೂ ಬದಿಯ 572 ಹಳ್ಳಿಗಳಲ್ಲಿ ನಡೆದ ಒಂದು ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ಚಿಕಿತ್ಸೆಯಿಂದ ತಡೆಯಬಹುದಾಗಿದ್ದ ರೋಗಗಳಿಂದ, ಮುಖ್ಯವಾಗಿ ಹೃದ್ರೋಗ ಮತ್ತು ಕ್ಯಾನ್ಸರಿನಿಂದ, ಸತ್ತವರ ಪ್ರಮಾಣ ಯೋಜನೆಯಿದ್ದ ಬದಿಯ ಬಡ ಕುಟುಂಬಗಳಲ್ಲಿ ಶೇ. 0.32, ಇಲ್ಲದ ಬದಿಯಲ್ಲಿ ಶೇ. 0.90 ಎಂದು ಅದು ತೋರಿಸಿತು. ಒಂದೇ ಭಾಷೆ, ಒಂದೇ ಬೆಳೆ, ಒಂದೇ ಬಡತನ. ಸಾವಿನ ಲೆಕ್ಕ ಮಾತ್ರ ಬೇರೆ. ದೈವಶಾಸ್ತ್ರದ ತರಗತಿಯಲ್ಲಿ ನಾವು ಸಂಕಟದ ರಹಸ್ಯವನ್ನು ಕುರಿತು ಮಾತನಾಡುತ್ತೇವೆ, ಅದು ಸರಿಯೇ. ಆದರೆ ಸಂಕಟದ ಒಂದು ಭಾಗ ರಹಸ್ಯವಲ್ಲ, ಆಡಳಿತ ವಿಭಾಗದ ನಕ್ಷೆ ಎಂಬುದನ್ನು ಈ ಎರಡು ಅಂಕಿಗಳು ಹೇಳುತ್ತವೆ. ದೇವರ ಚಿತ್ತವೆಂದು ಸಮಾಧಾನ ಹೇಳುವ ಮುನ್ನ ರೋಗಿ ಯಾವ ದಡದವನೆಂದು ಕೇಳಿಕೊಳ್ಳುವುದು ಗುರುವಿನ ಕರ್ತವ್ಯ.

ಇನ್ನು ಈ ಸೀಮೆಯಲ್ಲಿ ದೊಡ್ಡ ರೋಗಗಳ ಚಿಕಿತ್ಸೆ ಬೆಳೆದ ಬಗೆ. ದಾವಣಗೆರೆ ಹತ್ತಿಯ ವ್ಯಾಪಾರ ಮತ್ತು ಬಟ್ಟೆ ಗಿರಣಿಗಳಿಂದ ಬೆಳೆದ ಊರು. ಹರಿಹರ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿಂದ ಹೆಸರಾದ ಊರು. ಆಸ್ಪತ್ರೆಗಳೂ ಆ ವ್ಯಾಪಾರದ ಹಣದಿಂದ ಮತ್ತು ಮಠಗಳ ಪ್ರಭಾವದಿಂದಲೇ ಮೇಲೆದ್ದವು. ಜಿಲ್ಲಾಸ್ಪತ್ರೆ ಇಂದಿಗೂ ಚಿಗಟೇರಿ ಎಂಬ ಹೆಸರನ್ನೇ ಹೊತ್ತಿದೆ. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆಯು 1965ರಲ್ಲಿ ವೈದ್ಯಕೀಯ ಕಾಲೇಜನ್ನು ತೆರೆದಾಗ ಅದಕ್ಕೆ ಚಿತ್ರದುರ್ಗದ ಮುರುಘಾಮಠದ ಜಗದ್ಗುರು ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರನ್ನಿಟ್ಟಿತು. ದಾವಣಗೆರೆ ಆಗ ಜಿಲ್ಲಾಕೇಂದ್ರವೂ ಆಗಿರಲಿಲ್ಲ. ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಜಿಲ್ಲೆಯಾದದ್ದು 1997ರಲ್ಲಿ. ತಾಲ್ಲೂಕು ಕೇಂದ್ರವೊಂದರಲ್ಲಿ ವೈದ್ಯಕೀಯ ಕಾಲೇಜು ನಿಲ್ಲಿಸಿದ ಆ ತಲೆಮಾರಿನ ಧೈರ್ಯಕ್ಕೆ ನಾವು ಸಲ್ಲಿಸಬೇಕಾದ ಗೌರವವನ್ನು ಇನ್ನೂ ಸಲ್ಲಿಸಿಲ್ಲವೆಂದು ನನ್ನ ಅನಿಸಿಕೆ. 2006ರಲ್ಲಿ ಅದೇ ಸಂಸ್ಥೆಯ ಎರಡನೆಯ ವೈದ್ಯಕೀಯ ಕಾಲೇಜು ಬಂದಿತು. ಅದರ ಆವರಣದಲ್ಲಿ ನಾರಾಯಣ ಸಂಸ್ಥೆಯ ಸಹಯೋಗದ ಹೃದ್ರೋಗ ಕೇಂದ್ರವೂ ಆಮೇಲೆ ನೆಲೆಗೊಂಡಿತು.

ಈ ಚರಿತ್ರೆಯಲ್ಲಿ ಕಥೋಲಿಕ ಧರ್ಮಸಭೆಯ ಪಾಲು ಎಷ್ಟು? ಪ್ರಾಮಾಣಿಕವಾಗಿ ಹೇಳಬೇಕೆಂದರೆ ಕಟ್ಟಡಗಳ ಲೆಕ್ಕದಲ್ಲಿ ಬಹಳ ಕಡಿಮೆ. ನಮ್ಮ ದೊಡ್ಡ ಆಸ್ಪತ್ರೆಗಳು ಕರಾವಳಿಯಲ್ಲೂ ರಾಜಧಾನಿಯಲ್ಲೂ ನಿಂತವು. ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧ ಕೊಡುವುದರೊಂದಿಗೆ ಆರಂಭಿಸಿದರು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಧರ್ಮಭಗಿನಿಯರು 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ತೆರೆದರು. ಸಂತ ಯೊವಾನ್ನರ ವೈದ್ಯಕೀಯ ಕಾಲೇಜು ಬಂದದ್ದು 1963ರಲ್ಲಿ. ನಡುನಾಡಿನ ಬಯಲುಸೀಮೆ ಇವೆರಡರ ನಡುವೆ ಖಾಲಿಯಾಗಿ ಉಳಿಯಿತು. ಶಿವಮೊಗ್ಗ ಧರ್ಮಕ್ಷೇತ್ರವೇ ಸ್ಥಾಪನೆಯಾದದ್ದು 1988ರಲ್ಲಿ. ಅಷ್ಟರೊಳಗೆ ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ಇಪ್ಪತ್ತಮೂರು ವರ್ಷ ತುಂಬಿತ್ತು.

ತಡವಾದುದಕ್ಕೆ ನಮ್ಮೊಳಗಿನ ಕಾರಣವೂ ಒಂದಿತ್ತು, ಅದನ್ನು ಮರೆಮಾಚಬೇಕಾಗಿಲ್ಲ. ಧಾರ್ಮಿಕ ವ್ರತ ತೊಟ್ಟ ಸ್ತ್ರೀಯರು ವೈದ್ಯವೃತ್ತಿಯನ್ನೂ, ವಿಶೇಷವಾಗಿ ಹೆರಿಗೆಯ ಶುಶ್ರೂಷೆಯನ್ನೂ ಕೈಗೊಳ್ಳುವುದಕ್ಕೆ ಧರ್ಮಸಭೆಯ ಕಟ್ಟಳೆಗಳು ಬಹುಕಾಲ ಅಡ್ಡಿಯಾಗಿದ್ದವು. ರೋಮಿನ ಧರ್ಮಪ್ರಸಾರ ಪೀಠವು ಆ ಬಾಗಿಲನ್ನು ತೆರೆದದ್ದು 1936ರಲ್ಲಿ. ಅದಕ್ಕೂ ಮೊದಲೇ, 1920ರಲ್ಲಿ, ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿ ಗುಂಟೂರಿಗೆ ಬಂದು ಪೋಪರ ವಿಶೇಷ ಅನುಮತಿಯಿಂದ ಧರ್ಮಭಗಿನಿಯೂ ವೈದ್ಯೆಯೂ ಆಗಿ ದುಡಿದರು. 1943ರಲ್ಲಿ ಭಾರತದ ಕಥೋಲಿಕ ಆಸ್ಪತ್ರೆಗಳ ಸಂಘಟನೆಯನ್ನು ಕಟ್ಟಿದರು. ಒಬ್ಬ ಸ್ತ್ರೀಗೆ ಅಪವಾದವಾಗಿ ಸಿಕ್ಕಿದ್ದು ಎಲ್ಲರಿಗೂ ನಿಯಮವಾಗಿ ಸಿಗಲು ಹದಿನಾರು ವರ್ಷ ಹಿಡಿಯಿತು. ಪ್ರೊಟೆಸ್ಟಂಟ್ ಸೋದರರು ಈ ವಿಷಯದಲ್ಲಿ ನಮಗಿಂತ ಬಹಳ ಮುಂದಿದ್ದರು. ನಮ್ಮ ದೇಶದಲ್ಲಿ ನರಶಸ್ತ್ರಚಿಕಿತ್ಸೆಯ ಮೊದಲ ವಿಭಾಗವನ್ನು 1949ರಲ್ಲಿ ಡಾ. ಜೇಕಬ್ ಚಾಂಡಿ ತೆರೆದದ್ದು ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ. ತಲೆಯೊಳಗಿನ ಗೆಡ್ಡೆಗೆ ವೆಲ್ಲೂರಿಗೆ ಹೋಗಬೇಕೆಂಬ ಮಾತು ಹಳಬರ ಬಾಯಲ್ಲಿ ಬಹುಕಾಲ ಉಳಿದದ್ದರ ಹಿಂದೆ ಇರುವುದು ಈ ಚರಿತ್ರೆ.

ಹೀಗಿರುವಾಗ ದಾವಣಗೆರೆಯ ಕ್ರೈಸ್ತನು ಗುರುತರ ರೋಗ ಬಂದಾಗ ಹೋಗುವುದು ಅನ್ಯರು ಕಟ್ಟಿದ ಆಸ್ಪತ್ರೆಗೆ. ಇದನ್ನು ಕೊರತೆಯೆಂದು ಹೇಳುವ ಗುರುಗಳಿದ್ದಾರೆ. ಸಂತ ಲೂಕರ ಶುಭಸಂದೇಶದ ಸಮಾರಿಯದವನ ಸಾಮತಿಯನ್ನು ಅವರು ಇನ್ನೊಮ್ಮೆ ಗಮನಿಸಬೇಕು. ಓರಿಜೆನನ ಕಾಲದಿಂದಲೂ ಪಿತಾಮಹರು ಆ ಛತ್ರವನ್ನು ಧರ್ಮಸಭೆಯೆಂದು ವ್ಯಾಖ್ಯಾನಿಸಿದ್ದಾರೆ. ಛತ್ರ ನಮ್ಮದು, ಗಾಯಗೊಂಡವರು ನಮ್ಮ ಬಳಿಗೆ ಬರುತ್ತಾರೆ ಎಂಬ ಭಾವ ಅದರಿಂದ ಬೇರೂರಿತು. ಕಥೆಯ ಅಕ್ಷರಾರ್ಥ ಬೇರೆ. ಸಮಾರಿಯದವನು ಛತ್ರವನ್ನು ಕಟ್ಟಿದವನಲ್ಲ. ಪರರ ಛತ್ರಕ್ಕೆ ಕರೆದೊಯ್ದ, ರಾತ್ರಿ ಜೊತೆಯಲ್ಲಿದ್ದ, ಎರಡು ನಾಣ್ಯ ಕೊಟ್ಟ, ಹೆಚ್ಚಿನ ಖರ್ಚಿಗೆ ತಾನೇ ಹೊಣೆಯೆಂದ, ಮರಳಿ ಬರುವೆನೆಂದ. ದಾವಣಗೆರೆಯ ಧರ್ಮಕೇಂದ್ರಗಳಿಗೆ ದೊರೆತಿರುವ ಪಾತ್ರ ಇದೇ, ಮತ್ತು ಇದು ಛತ್ರದ ಮಾಲೀಕತ್ವಕ್ಕಿಂತ ಸುಲಭವಾದದ್ದಲ್ಲ.

ಹೃದಯದ ವಿಷಯದಲ್ಲಿ ಎಲ್ಲವೂ ಹೊತ್ತಿನ ಪ್ರಶ್ನೆ. ರಕ್ತನಾಳ ಕಟ್ಟಿಕೊಂಡ ಗಳಿಗೆಯಿಂದ ಹೃದಯದ ಸ್ನಾಯು ಸಾಯುತ್ತ ಹೋಗುತ್ತದೆ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ಊರಿನಲ್ಲೇ ಕ್ಯಾಥ್ ಲ್ಯಾಬ್ ಇಲ್ಲದ ದಿನಗಳಲ್ಲಿ ಹೃದಯಾಘಾತವಾದವನನ್ನು ರಾತ್ರಿ ಹೆದ್ದಾರಿಯಲ್ಲಿ ಒಯ್ಯುವುದೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣದ ಅಡ್ಡಿಯನ್ನು ಮೊದಲು ಸಡಿಲಿಸಿದ್ದು 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ: ಸಹಕಾರ ಸಂಘದ ಸದಸ್ಯನಾದ ರೈತನು ತಿಂಗಳಿಗೆ 5 ರೂಪಾಯಿಯ ಲೆಕ್ಕದಲ್ಲಿ ಕಟ್ಟಿ ಶಸ್ತ್ರಚಿಕಿತ್ಸೆಯ ಹಕ್ಕನ್ನು ಪಡೆಯುತ್ತಿದ್ದ. ಹೊತ್ತಿನ ಅಡ್ಡಿಯನ್ನು ಸಡಿಲಿಸಲು ಬಂದದ್ದು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ತಜ್ಞರಿಗೆ ಕಳುಹಿಸಿ, ಅವರು ಖಚಿತಪಡಿಸಿದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ವ್ಯವಸ್ಥೆ. ಎದೆನೋವನ್ನು ಗ್ಯಾಸ್ ಎಂದು ಸೋಡಾ ಕುಡಿದು ಮಲಗುವ ನಮ್ಮ ಜನರಿಗೆ ಇದನ್ನು ತಿಳಿಸಲು ಭಾನುವಾರದ ಪ್ರಕಟಣೆಯಲ್ಲಿ ಎರಡು ನಿಮಿಷ ಸಾಕು. ಅಂತ್ಯಕ್ರಿಯೆಯ ಪ್ರಬೋಧನೆಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ.

ನರರೋಗಗಳ ಚರಿತ್ರೆ ಇನ್ನೂ ನಿಧಾನ, ಇನ್ನೂ ನೋವಿನದು. ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಈಗಿನ ರೂಪ ಪಡೆದದ್ದಾದರೂ ಅದರ ಬೇರು 1847ರ ಹುಚ್ಚಾಸ್ಪತ್ರೆಯಲ್ಲಿದೆ. ಮೂರ್ಛೆರೋಗ, ಚಿತ್ತವಿಕಾರ, ದೆವ್ವದ ಕಾಟ ಈ ಮೂರನ್ನೂ ಒಂದೇ ಮೂಟೆಯಲ್ಲಿ ಕಟ್ಟುವ ಅಭ್ಯಾಸ ಜನರಲ್ಲಿ ಅಷ್ಟೇ ಹಳೆಯದು, ಮತ್ತು ಸಂತ ಮಾರ್ಕರ ಒಂಬತ್ತನೆಯ ಅಧ್ಯಾಯದ ಬಾಲಕನ ಪ್ರಸಂಗವನ್ನು ನಾವು ಬೋಧಿಸುವ ರೀತಿ ಆ ಮೂಟೆಯ ಗಂಟನ್ನು ಇನ್ನಷ್ಟು ಬಿಗಿ ಮಾಡಿದೆ. ನಮ್ಮ ಪುಣ್ಯಕ್ಷೇತ್ರಗಳಿಗೆ ಬಂದು ಹರಕೆ ಹೊತ್ತ ಮೇಲೆ ಮಾತ್ರೆ ನಿಲ್ಲಿಸುವುದೇ ವಿಶ್ವಾಸದ ಗುರುತೆಂದು ನಂಬಿದವರನ್ನು ಪಾಪನಿವೇದನೆ ಕೇಳುವ ಗುರುಗಳೆಲ್ಲ ಬಲ್ಲರು. ಮೂರ್ಛೆರೋಗದ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಬಿಡದೆ ಬರುವ ಸೆಳವಿನಿಂದ ಪ್ರಾಣವೇ ಹೋಗಬಹುದು. ಅಂಥವರಿಗೆ ಪ್ರಾರ್ಥಿಸಿ ಕಳುಹಿಸುವುದಷ್ಟೇ ಸಾಲದು. ಮಾತ್ರೆಯನ್ನು ಮುಂದುವರಿಸಲು ಸ್ಪಷ್ಟವಾಗಿ ಹೇಳಬೇಕು.

ಹೊಸ ಆಸ್ಪತ್ರೆಗಳೊಡನೆ ತೀವ್ರ ನಿಗಾ ಘಟಕವೂ ಬಂದಿತು, ಅದರೊಡನೆ ಗುರುಗಳ ಕೆಲಸವೂ ಬದಲಾಯಿತು. ಕೃತಕ ಉಸಿರಾಟದ ಚರಿತ್ರೆಗೆ 1952ರ ಕೋಪನ್‌ಹೇಗನ್ ಪೋಲಿಯೋ ಪಿಡುಗು ಒಂದು ತಿರುವು; ಅಲ್ಲಿ ವೈದ್ಯ ವಿದ್ಯಾರ್ಥಿಗಳು ಸರದಿಯಂತೆ ಕುಳಿತು ಕೈಯಿಂದಲೇ ಚೀಲ ಒತ್ತಿ ರೋಗಿಗಳನ್ನು ಉಸಿರಾಡಿಸಿದರು. ಐದೇ ವರ್ಷಗಳಲ್ಲಿ, 1957ರ ನವೆಂಬರ್ 24ರಂದು, ಹನ್ನೆರಡನೆಯ ಪಿಯುಸ್ ಅರಿವಳಿಕೆ ತಜ್ಞರ ಪ್ರಶ್ನೆಗಳಿಗೆ ಉತ್ತರಿಸಿದರು. ಜೀವವನ್ನು ಉಳಿಸಲು ಸಾಮಾನ್ಯ ಸಾಧನಗಳನ್ನು ಬಳಸುವುದು ಕರ್ತವ್ಯ. ತನಗಾಗಲಿ ಪರರಿಗಾಗಲಿ ಅತಿಯಾದ ಹೊರೆಯಾಗುವ ಸಾಧನ ಕಡ್ಡಾಯವಲ್ಲ. ಯಾವುದು ಸಾಮಾನ್ಯವೆಂಬುದು ವ್ಯಕ್ತಿ, ಸ್ಥಳ, ಕಾಲಗಳನ್ನು ಅವಲಂಬಿಸಿದೆ. ಹರಿಹರದ ಕೂಲಿಕಾರನ ಮನೆಯವರು ವೆಂಟಿಲೇಟರಿನ ಹತ್ತನೆಯ ದಿನದ ಬಿಲ್ಲನ್ನು ಹಿಡಿದು ಕೇಳುವ ಪ್ರಶ್ನೆಗೆ ಇದಕ್ಕಿಂತ ನೇರವಾದ ಬೋಧನೆ ಬೇರೆಲ್ಲೂ ನನಗೆ ಕಂಡಿಲ್ಲ. ಸುಪ್ರೀಂ ಕೋರ್ಟು 2018ರಲ್ಲಿ ಘನತೆಯ ಮರಣದ ಹಕ್ಕನ್ನು ಒಪ್ಪಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿದೆ. ನಮ್ಮ ರಾಜ್ಯವೂ 2025ರ ಜನವರಿಯಲ್ಲಿ ಅದರ ಜಾರಿಗೆ ಆದೇಶ ಹೊರಡಿಸಿದೆ. ಪ್ರಾಣ ತೆಗೆಯುವುದಕ್ಕೂ ನಿರರ್ಥಕ ಯಂತ್ರವನ್ನು ಬಿಡುವುದಕ್ಕೂ ಇರುವ ಅಂತರವನ್ನು ಮನೆಯವರಿಗೆ ತಿಳಿಸಿ ಹೇಳಬಲ್ಲ ಗುರು ಇಂದು ಆಸ್ಪತ್ರೆಯ ಮೊಗಸಾಲೆಯಲ್ಲಿ ಬೇಕಾಗಿದ್ದಾನೆ. ಇಲ್ಲವಾದರೆ ಸಾಲ ಮುಗಿಲು ಮುಟ್ಟಿದ ದಿನ ರೋಗಿಯನ್ನು ಬಿಡಿಸಿಕೊಂಡು ಹೋಗಿ, ಜೀವಮಾನವೆಲ್ಲ ತಾವೇ ಕೊಂದೆವೆಂಬ ಕೊರಗಿನಲ್ಲಿ ಬದುಕುವ ಮಕ್ಕಳು ಉಳಿಯುತ್ತಾರೆ.

ಅಭ್ಯಂಗ ಸಂಸ್ಕಾರದ ಮಾತು ಇದಕ್ಕೆ ಅಂಟಿಕೊಂಡೇ ಬರುತ್ತದೆ. 1439ರಲ್ಲಿ ಫ್ಲಾರೆನ್ಸ್ ಮಹಾಸಭೆಯು ಸಾವಿನ ಭಯವಿರುವ ರೋಗಿಗೆ ಮಾತ್ರ ಈ ಸಂಸ್ಕಾರವೆಂದಿತು. 1551ರಲ್ಲಿ ಟ್ರೆಂಟ್ ಮಹಾಸಭೆಯ ಕರಡಿನಲ್ಲೂ ‘ಮಾತ್ರ’ ಎಂಬ ಅರ್ಥದ ಪದವೇ ಇತ್ತು. ಅಂತಿಮ ಪಾಠದಲ್ಲಿ ಪಿತೃಗಳು ಅದನ್ನು ‘ವಿಶೇಷವಾಗಿ’ ಎಂದು ತಿದ್ದಿದರು. ಒಂದು ಪದದ ಆ ತಿದ್ದುಪಡಿಯ ಫಲ ಕಾಣಲು ನಾಲ್ಕು ಶತಮಾನ ಕಾಯಬೇಕಾಯಿತು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಇದನ್ನು ರೋಗಿಗಳ ಅಭ್ಯಂಗವೆಂದು ಕರೆಯುವುದೇ ಲೇಸೆಂದಿತು. 1972ರಲ್ಲಿ ಆರನೆಯ ಪೌಲರು ಅಂಗೀಕರಿಸಿದ ವಿಧಿಯು ಗುರುತರ ರೋಗದ ಕಾರಣ ಶಸ್ತ್ರಚಿಕಿತ್ಸೆಗೆ ಹೋಗುವವರಿಗೆ ಮೊದಲೇ ಅಭ್ಯಂಗ ನೀಡಬಹುದೆಂದು ಸ್ಪಷ್ಟಪಡಿಸಿತು. ಆದರೂ ನಮ್ಮ ಮನೆಗಳಲ್ಲಿ ಗುರುಗಳು ಎಣ್ಣೆಯೊಡನೆ ಬಂದರೆಂದರೆ ಇನ್ನೇನು ಮುಗಿಯಿತೆಂದೇ ಅರ್ಥ. ಆದ್ದರಿಂದಲೇ ಬೈಪಾಸಿಗೆ, ತಲೆಯ ಆಪರೇಷನ್ನಿಗೆ ಹೊರಟವರು ಗುರುಗಳಿಗೆ ಹೇಳದೆ ಹೊರಡುತ್ತಾರೆ. ಪ್ರಜ್ಞೆ ತಪ್ಪಿ ಯಂತ್ರಕ್ಕೆ ಜೋಡಿಸಿದ ಮೇಲೆ ಕರೆ ಬರುತ್ತದೆ. ಹೃದಯದ ರೋಗಿ ತಾನೇ ‘ಆಮೆನ್’ ಎನ್ನಬಲ್ಲ ಹೊತ್ತಿನಲ್ಲಿ, ಆಂಬ್ಯುಲೆನ್ಸ್ ಹೊರಡುವ ಮುನ್ನ, ಅವನ ಹಣೆಗೂ ಅಂಗೈಗೂ ಎಣ್ಣೆ ಹಚ್ಚುವುದು ಈ ಸೀಮೆಯ ಗುರುಗಳ ರೂಢಿಯಾಗಬೇಕು.

ಹರಿಹರದಲ್ಲಿ ಆರೋಗ್ಯಮಾತೆಯ ದೇವಾಲಯವಿದೆ; 2019ರಲ್ಲಿ ಅದಕ್ಕೆ ಕಿರಿಯ ಬಸಿಲಿಕದ ಪದವಿ ದೊರೆಯಿತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಜಾತಿಮತ ಎನ್ನದೆ ನದಿಯ ಎರಡೂ ದಡದವರು ಬರುತ್ತಾರೆ. ಅಂದು ಸೇರುವ ಜನರಲ್ಲಿ ಎಷ್ಟೋ ಮಂದಿಯ ಕೈಚೀಲದಲ್ಲಿ ಮೇಣದ ಬತ್ತಿಯ ಜೊತೆಗೆ ಸ್ಕ್ಯಾನಿಂಗ್ ವರದಿಯೂ ಇರುತ್ತದೆ. ಆ ಹಬ್ಬದ ಒಂಬತ್ತು ದಿನಗಳ ನವೇನದಲ್ಲಿ ಒಂದು ದಿನವನ್ನು ರೋಗಿಗಳಿಗೆಂದೇ ಇಟ್ಟು, ಸಾಮೂಹಿಕ ಅಭ್ಯಂಗದ ಬಲಿಪೂಜೆಯ ಪಕ್ಕದಲ್ಲೇ ರಕ್ತದೊತ್ತಡ ನೋಡುವ ಮೇಜನ್ನೂ, ಯಾವ ಚೀಟಿಗೆ ಯಾವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆ ಉಚಿತವೆಂದು ತಿಳಿಸುವ ಒಬ್ಬರನ್ನೂ ಕೂರಿಸಬಹುದು. ಆರೋಗ್ಯಶ್ರೀ ಯೋಜನೆಯಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ರೋಗಿಗೆ ದಾರಿ ತೋರಿಸಲು ನೇಮಿಸಿದವರನ್ನು ಆರೋಗ್ಯಮಿತ್ರ ಎಂದು ಕರೆದರು. ಗುರುಮಠದ ನಮ್ಮ ಮೂರನೆಯ ವರ್ಷದ ಸೋದರರಿಗೆ ರಜೆಯ ಸೇವಾಕಾರ್ಯವಾಗಿ ಆ ಕೆಲಸವನ್ನು ಒಂದು ತಿಂಗಳು ಒಪ್ಪಿಸಲು ವಿಶೇಷ ಹಣವೂ ಬೇಡ, ಹೊಸ ಕಟ್ಟಡವೂ ಬೇಡ. ಆಸ್ಪತ್ರೆಯ ಆಡಳಿತದವರೊಡನೆ ಒಂದು ಮಾತುಕತೆ ಬೇಕು.